ಹಸುವಿನ ತೇಗು ಮತ್ತು ಓಜೋನ್: ಒಬ್ಬ ಗಾಳಿ ವಿಜ್ಞಾನಿಯ ಲೆಕ್ಕ



ಸಂಘಗಳ ಸಭೆಗೆ ಹೋದಾಗ ಈಚೆಗೆ ಒಂದು ಪ್ರಶ್ನೆ ಪದೇ ಪದೇ ಕಿವಿಗೆ ಬೀಳುತ್ತಿದೆ. “ಡಾಕ್ಟ್ರೇ, ಹಸು ತೇಗಿದರೆ ಓಜೋನ್ ಪದರ ತೂತಾಗುತ್ತಂತಲ್ಲ, ನಿಜವಾ?” ಟಿವಿಯಲ್ಲಿ ನೋಡಿದವರು ಕೆಲವರು, ಮೊಬೈಲಿಗೆ ಬಂದದ್ದನ್ನು ಓದಿದವರು ಕೆಲವರು. ಕೇಳುವಾಗ ನಗುತ್ತಲೇ ಕೇಳುತ್ತಾರೆ, ಆದರೆ ನಗುವಿನ ಹಿಂದೆ ಒಂದು ಅಳುಕು ಇರುತ್ತದೆ. ಸಾಲ ಮಾಡಿ ಎರಡು ಸೀಮೆಹಸು ಕಟ್ಟಿಕೊಂಡವರಿಗೆ, ನಾಳೆ ಯಾರೋ ಬಂದು ಹಸು ಸಾಕುವುದೇ ತಪ್ಪು ಅಂದರೆ ಏನು ಗತಿ ಎಂಬ ಅಳುಕು. ಇದೇ ತಿಂಗಳ 16ರಂದು ವಿಶ್ವ ಓಜೋನ್ ದಿನವೂ ಇರುವುದರಿಂದ ಈ ಸಂಚಿಕೆಯಲ್ಲಿ ಅದನ್ನೇ ಬಿಡಿಸಿ ಹೇಳೋಣ ಅನ್ನಿಸಿತು.

ಮೊದಲು ಉತ್ತರ ಹೇಳಿಬಿಡುತ್ತೇನೆ. ಓಜೋನ್ ಪದರ ತೂತಾದದ್ದು ಹಸುವಿನಿಂದಲ್ಲ. ಆದರೆ ಹಸುವಿನ ತೇಗಿಗೂ ಓಜೋನಿಗೂ ಬೇರೊಂದು ಸಂಬಂಧ ಇದೆ, ಅದರಲ್ಲಿ ನಿಮ್ಮ ಮೇವಿನ ದುಡ್ಡೂ ಸೇರಿಕೊಂಡಿದೆ. ಈ ಎರಡನ್ನೂ ತಿಳಿಯಲು ಪಾಲ್ ಕ್ರುಟ್ಜೆನ್ ಎಂಬ ವಿಜ್ಞಾನಿಯ ಕೆಲಸವನ್ನು ನೋಡಿದರೆ ಸಾಕು.

ಸೇತುವೆ ಕಟ್ಟುವವರು ಗಾಳಿ ಓದಿದ್ದು

ಕ್ರುಟ್ಜೆನ್ ಹುಟ್ಟಿದ್ದು 1933ರಲ್ಲಿ, ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ. ಶಾಲೆಯ ಕೊನೆಯ ಪರೀಕ್ಷೆಯ ಹೊತ್ತಿಗೆ ಜ್ವರ ಬಂದು ಅಂಕ ಕಡಿಮೆಯಾದವು, ವಿಶ್ವವಿದ್ಯಾಲಯಕ್ಕೆ ಹೋಗಲು ಬೇಕಿದ್ದ ವಿದ್ಯಾರ್ಥಿವೇತನ ಸಿಗಲಿಲ್ಲ. ಹಾಗಾಗಿ ಸಿವಿಲ್ ಎಂಜಿನಿಯರಿಂಗ್ ಕಲಿತು ಆ ನಗರದ ಸೇತುವೆ ಕಟ್ಟುವ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಮದುವೆಯಾಗಿ ಸ್ವೀಡನ್ ದೇಶಕ್ಕೆ ಹೋದ ಮೇಲೆ, ಸ್ಟಾಕ್‌ಹೋಮಿನ ಹವಾಮಾನ ವಿಭಾಗಕ್ಕೆ ಕಂಪ್ಯೂಟರ್ ಪ್ರೋಗ್ರಾಮರ್ ಬೇಕೆಂಬ ಜಾಹೀರಾತು ಕಣ್ಣಿಗೆ ಬಿತ್ತು. ಆ ಕೆಲಸದ ಅನುಭವ ಅವರಿಗೆ ಏನೂ ಇರಲಿಲ್ಲ. ಆದರೂ ಅರ್ಜಿ ಹಾಕಿದರು, 1959ರಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿ ಕೆಲಸ ಮಾಡುತ್ತಲೇ ಓದಿ, ಕೊನೆಗೆ 1995ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಮಾರಿಯೋ ಮೊಲಿನಾ, ಶೆರ್ವುಡ್ ರೋಲ್ಯಾಂಡ್ ಅವರ ಜೊತೆ ಹಂಚಿಕೊಂಡರು. 2021ರ ಜನವರಿಯಲ್ಲಿ ತೀರಿಕೊಂಡರು. ಪಿಯುಸಿಯಲ್ಲಿ ಅಂಕ ಕಡಿಮೆ ಬಂತೆಂದು ಮನೆಯಲ್ಲಿ ಮುಖ ಬಾಡಿಸಿಕೊಂಡು ಕೂತ ಮಕ್ಕಳಿದ್ದರೆ ಇಷ್ಟು ಭಾಗ ಓದಿಸಿ.

ಓಜೋನ್ ಒಂದೇ, ಜಾಗ ಎರಡು

ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣು ಜೊತೆಯಾಗಿರುತ್ತವೆ. ಮೂರು ಸೇರಿದರೆ ಓಜೋನ್. ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಇದು ಹೆಚ್ಚಾಗಿರುತ್ತದೆ. ಅದನ್ನೇ ಓಜೋನ್ ಪದರ ಅನ್ನುವುದು. ಪದರ ಅಂದಾಕ್ಷಣ ದಪ್ಪ ಕಂಬಳಿ ಎಂದುಕೊಳ್ಳಬೇಡಿ. ಅಷ್ಟನ್ನೂ ನೆಲಮಟ್ಟಕ್ಕೆ ತಂದು ಒತ್ತಿಟ್ಟರೆ ಮೂರು ಮಿಲಿಮೀಟರ್ ದಪ್ಪವೂ ಕಷ್ಟ. ಅಷ್ಟು ತೆಳುವಾದದ್ದು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು ನಮ್ಮ ಚರ್ಮ, ಕಣ್ಣು, ಬೆಳೆ ಎಲ್ಲವನ್ನೂ ಕಾಯುತ್ತದೆ.

ಇದೇ ಓಜೋನ್ ನಾವು ಉಸಿರಾಡುವ ಎತ್ತರದಲ್ಲಿ ಇದ್ದರೆ ವಿಷ. ಎದೆ ಉರಿಸುತ್ತದೆ, ಎಲೆಯನ್ನು ಸುಡುತ್ತದೆ. ಮೇಲಿನ ಓಜೋನ್ ಕಡಿಮೆಯಾದರೆ ನಷ್ಟ, ಕೆಳಗಿನದು ಜಾಸ್ತಿಯಾದರೆ ನಷ್ಟ. ಮೊಬೈಲಿನಲ್ಲಿ ಓಡಾಡುವ ಗೊಂದಲಕ್ಕೆಲ್ಲ ಮೂಲ ಈ ಎರಡನ್ನು ಕಲಸಿಬಿಟ್ಟಿರುವುದು.

ಮೇಲಿನದನ್ನು ಮೊದಲು ನೋಡೋಣ. 1970ರಲ್ಲಿ ಕ್ರುಟ್ಜೆನ್ ತೋರಿಸಿದ್ದು ಏನೆಂದರೆ, ಸಾರಜನಕದ ಆಕ್ಸೈಡುಗಳು ಅಲ್ಲಿ ಸ್ವಲ್ಪವೇ ಇದ್ದರೂ ತುಂಬಾ ಓಜೋನನ್ನು ನಾಶ ಮಾಡಬಲ್ಲವು. ದನದ ಜಾತ್ರೆಯ ದಳ್ಳಾಳಿಯನ್ನು ನೆನೆಸಿಕೊಳ್ಳಿ. ಒಂದು ವ್ಯಾಪಾರ ಕುದುರಿಸಿ ಟವೆಲ್ ಕೊಡವಿಕೊಂಡು ಮುಂದಿನ ಜೋಡಿಯ ಹತ್ತಿರ ಹೋಗುತ್ತಾನೆ. ಎತ್ತು ಕೈ ಬದಲಾಯಿಸುತ್ತದೆ, ದುಡ್ಡು ಕೈ ಬದಲಾಯಿಸುತ್ತದೆ, ಅವನು ಮಾತ್ರ ಹಾಗೇ ಉಳಿದಿರುತ್ತಾನೆ. ಈ ಆಕ್ಸೈಡುಗಳೂ ಹಾಗೆಯೇ. ಒಂದು ಓಜೋನನ್ನು ಒಡೆದು, ತಾನು ಸವೆಯದೆ, ಇನ್ನೊಂದಕ್ಕೆ ಕೈ ಹಾಕುತ್ತವೆ.

ಇವು ಅಷ್ಟು ಮೇಲಕ್ಕೆ ಹೋದದ್ದು ಹೇಗೆ? ಮಣ್ಣಿನಿಂದ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾ, ಗೊಬ್ಬರ, ಗಂಜಲದ ಸಾರಜನಕವನ್ನು ಬಳಸುವಾಗ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಕೆಳಗಿನ ಗಾಳಿಯಲ್ಲಿ ಇದು ಯಾವುದಕ್ಕೂ ಅಂಟದೆ, ನಿಧಾನವಾಗಿ ಮೇಲೇರಿ ಅಲ್ಲಿ ಒಡೆದು ದಳ್ಳಾಳಿ ಕೆಲಸಕ್ಕೆ ನಿಲ್ಲುತ್ತದೆ. ಮಣ್ಣಿನ ಸೂಕ್ಷ್ಮಜೀವಿಗೂ ಆಕಾಶದ ಓಜೋನಿಗೂ ನಂಟಿದೆ ಎಂದು ಕಾಣಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಹುಲ್ಲಿನ ತಾಕಿಗೆ ಒಂದೇ ಸಲ ಕೈತುಂಬ ಯೂರಿಯಾ ಎರಚಿ ನೀರು ಹಾಯಿಸುವ ಅಭ್ಯಾಸ ಇದ್ದರೆ, ಅದನ್ನು ಕಂತುಗಳಲ್ಲಿ ಕೊಡಿ ಎಂದು ಕೃಷಿ ಅಧಿಕಾರಿಗಳು ಹೇಳುವುದು ನಿಮ್ಮ ಜೇಬಿನ ಕಾಳಜಿಯಿಂದ. ಗಾಳಿಗೆ ಹೋದ ಸಾರಜನಕ ಹುಲ್ಲಿಗೆ ಸಿಗುವುದಿಲ್ಲವಲ್ಲ.

ಆದರೆ ಪದರಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ಬೇರೆ. 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಫ್ರಿಜ್, ಏಸಿ, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳ ಕ್ಲೋರಿನ್ ಮೇಲೆ ಹೋಗಿ ಓಜೋನನ್ನು ಒಡೆಯುತ್ತದೆ ಎಂದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿ ಜೋಸೆಫ್ ಫಾರ್ಮನ್ ಮತ್ತು ಸಂಗಡಿಗರು ದಕ್ಷಿಣ ಧ್ರುವದ ಅಂಟಾರ್ಕ್ಟಿಕಾದ ಮೇಲೆ ಪದರ ತೀರಾ ತೆಳುವಾಗಿರುವುದನ್ನು ಅಳೆದು ತೋರಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು. ಪದರ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ.

ಇಲ್ಲಿ ಹಸುವಿನ ಪಾತ್ರ? ಹಸು ಬಿಡುವ ಮೀಥೇನ್ ಆ ಎತ್ತರಕ್ಕೆ ಹೋದಾಗ ಕ್ಲೋರಿನ್ನನ್ನು ಹಿಡಿದು ಕಟ್ಟಿಹಾಕುವ ಕೆಲಸವನ್ನೂ ಮಾಡುತ್ತದೆ. ಕಟ್ಟಿಹಾಕಿದ ಕ್ಲೋರಿನ್ ಓಜೋನನ್ನು ಒಡೆಯಲಾರದು. ಹಸುವನ್ನು ತೂತಿನ ಆರೋಪಿ ಮಾಡುವವರಿಗೆ ಇದನ್ನು ಹೇಳಿ.

ನಮ್ಮ ಡೇರಿಗೆ ಮೇಲಿನ ಪದರದ ಜೊತೆ ನೇರ ಸಂಬಂಧ ಇರುವುದು ಬಿಎಂಸಿ ಕೋಣೆಯಲ್ಲಿ. ಹಾಲು ತಣ್ಣಗಿಡುವ ಹಳೆಯ ಯಂತ್ರಗಳಲ್ಲಿ ಆರ್-22 ಎಂಬ ಗ್ಯಾಸ್ ಇರುತ್ತದೆ. ಅದು ಸಿಎಫ್‌ಸಿಯಷ್ಟು ಕೆಟ್ಟದ್ದಲ್ಲ, ಆದರೂ ಓಜೋನ್ ಒಡೆಯುವ ಗುಂಪಿನದ್ದೇ. ನಮ್ಮಂಥ ದೇಶಗಳು 2030ರ ಹೊತ್ತಿಗೆ ಈ ಗುಂಪನ್ನು ಬಹುಪಾಲು ಕೈಬಿಡಬೇಕು ಎಂಬ ಕರಾರಿದೆ. ಮೆಕ್ಯಾನಿಕ್ ಬಂದಾಗ ಹಳೆಯ ಗ್ಯಾಸನ್ನು ಹೊರಗೆ ಬಿಟ್ಟು ಹೊಸದು ತುಂಬುತ್ತಿದ್ದರೆ ಕಾರ್ಯದರ್ಶಿಗಳು ತಡೆಯಬೇಕು. ಅದನ್ನು ಸಿಲಿಂಡರಿಗೆ ಹಿಡಿದಿಡಲು ಸಾಧ್ಯ. ಪ್ರತಿವರ್ಷ ಗ್ಯಾಸ್ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಸೋರಿಕೆ ಇರುವ ಯಂತ್ರ ಹಾಲನ್ನು ಹೊತ್ತಿಗೆ ಸರಿಯಾಗಿ ತಣ್ಣಗೆ ಮಾಡುವುದಿಲ್ಲ, ಕರೆಂಟ್ ಬಿಲ್ಲೂ ಏರುತ್ತದೆ.

ಕೆಳಗಿನ ಓಜೋನ್ ಎಲ್ಲಿಂದ ಬರುತ್ತದೆ

ನೆಲದ ಹತ್ತಿರದ ಓಜೋನ್ ಮೇಲಿನಿಂದ ಇಳಿದು ಬಂದದ್ದು ಎಂದೇ ಬಹಳ ಕಾಲ ನಂಬಿದ್ದರು. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ 1950ರ ಸುಮಾರಿಗೆ ಏರಿ ಹ್ಯಾಗನ್-ಸ್ಮಿಟ್ ಎಂಬ ಸಸ್ಯ ರಸಾಯನ ವಿಜ್ಞಾನಿ, ವಾಹನದ ಹೊಗೆ ಬಿಸಿಲಿಗೆ ಬೆಂದು ಓಜೋನ್ ಆಗುತ್ತದೆ ಎಂದು ಕಂಡುಹಿಡಿದರು. ಸುತ್ತಲಿನ ಹೊಲಗಳ ಸೊಪ್ಪು ತರಕಾರಿ ಬೆಳೆಗಾರರ ಎಲೆಗಳು ಸುಟ್ಟು ಹೋಗುತ್ತಿದ್ದುದು ಆ ಶೋಧಕ್ಕೆ ದಾರಿ ಮಾಡಿತು. ಅದು ನಗರದ ಮಾತು. ಊರೂರಿನ, ಕಾಡಿನ, ಸಮುದ್ರದ ಮೇಲಿನ ಗಾಳಿಯಲ್ಲೂ ಓಜೋನ್ ಹುಟ್ಟುತ್ತದೆ, ಅದಕ್ಕೆ ಮೀಥೇನ್ ಮತ್ತು ಇಂಗಾಲದ ಮೊನಾಕ್ಸೈಡ್ ಸಾಕು ಎಂದು 1973ರಲ್ಲಿ ಹೇಳಿದವರು ಕ್ರುಟ್ಜೆನ್.

ನಡೆಯುವುದು ಹೀಗೆ. ಗಾಳಿಯಲ್ಲಿ ಹೈಡ್ರಾಕ್ಸಿಲ್ ಎಂಬ, ಕ್ಷಣಮಾತ್ರ ಬದುಕುವ ಕಣವಿದೆ. ಅದನ್ನು ಗಾಳಿಯ ಸಾಬೂನು ಎನ್ನಬಹುದು. ಅದು ಮೀಥೇನನ್ನು ಹಿಡಿದು ಒಡೆಯಲು ಶುರು ಮಾಡುತ್ತದೆ. ಆ ಹೊತ್ತಿನಲ್ಲಿ ವಾಹನ, ಕಾರ್ಖಾನೆ, ಬೆಂಕಿಯಿಂದ ಬಂದ ಸಾರಜನಕದ ಆಕ್ಸೈಡ್ ಜೊತೆಗಿದ್ದು ಬಿಸಿಲೂ ಇದ್ದರೆ ಓಜೋನ್ ಹುಟ್ಟುತ್ತದೆ. ಆಕ್ಸೈಡ್ ತೀರಾ ಕಡಿಮೆ ಇರುವ ಶುಭ್ರ ಗಾಳಿಯಲ್ಲಾದರೆ ಅದೇ ಮೀಥೇನ್ ಒಡೆಯುವಾಗ ಓಜೋನ್ ಹುಟ್ಟುವ ಬದಲು ಕರಗುತ್ತದೆ. ಮೇಲಿನ ಪದರದಲ್ಲಿ ಓಜೋನ್ ಒಡೆಯುವ ದಳ್ಳಾಳಿಯೇ ಕೆಳಗೆ ಓಜೋನ್ ಹುಟ್ಟಿಸುತ್ತದೆ! ಇದು ಮೊದಲ ಓದಿಗೆ ತಲೆ ತಿರುಗಿಸುತ್ತದೆ, ಗೊತ್ತು. ನನಗೂ ಎರಡು ಸಲ ಓದಬೇಕಾಯಿತು.

ಒಂದು ಮಾತು ಸ್ಪಷ್ಟವಾಗಿರಲಿ. ನಿಮ್ಮ ಹಸು ಇವತ್ತು ತೇಗಿದ್ದು ನಾಳೆ ನಿಮ್ಮ ಹೊಲದ ಮೇಲೆ ಓಜೋನ್ ಆಗಿ ಕೂರುವುದಿಲ್ಲ. ಮೀಥೇನ್ ಗಾಳಿಯಲ್ಲಿ ಹತ್ತು ವರ್ಷದಷ್ಟು ಉಳಿದು ಇಡೀ ಭೂಮಿಯ ಸುತ್ತ ಹರಡಿಕೊಳ್ಳುತ್ತದೆ. ಎಲ್ಲ ಕಡೆಯ ಮೀಥೇನ್ ಸೇರಿ ಎಲ್ಲ ಕಡೆಯ ಓಜೋನನ್ನು ಸ್ವಲ್ಪ ಸ್ವಲ್ಪ ಏರಿಸುತ್ತದೆ. ನಿಮ್ಮ ಊರಿನ ಹತ್ತಿರ ಹೆದ್ದಾರಿ ಇದ್ದರೆ ಅಲ್ಲಿನ ಹೊಗೆ ಅದಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಎಲೆಯ ಸಣ್ಣ ರಂಧ್ರಗಳ ಮೂಲಕ ಓಜೋನ್ ಒಳಹೊಕ್ಕು ಹಸಿರನ್ನು ಕೆಡಿಸುತ್ತದೆ. ಗೋಧಿ, ಸೋಯಾ, ಮೇವಿನ ಬೆಳೆಗಳಲ್ಲಿ ಕುದುರೆ ಮೆಂತ್ಯ, ಅಲಸಂದೆಯಂಥ ದ್ವಿದಳಗಳಿಗೆ ತೊಂದರೆ ಹೆಚ್ಚು. ಹಳೆಯ ಎಲೆಗಳ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆ ಕಾಣಿಸಿ, ಎಲೆ ಹೊತ್ತಿಗೆ ಮುಂಚೆ ಹಣ್ಣಾಗಿ ಉದುರುತ್ತದೆ. ರೋಗ, ಕೀಟ, ಪೋಷಕಾಂಶದ ಕೊರತೆಯಲ್ಲೂ ಹೀಗೇ ಕಾಣುವುದುಂಟು, ಆದ್ದರಿಂದ ನೋಡಿದ ತಕ್ಷಣ ಓಜೋನ್ ಎಂದು ತೀರ್ಮಾನಿಸಬೇಡಿ. ಓಜೋನ್ ತಗುಲಿದ ಮೇವು ರಾಸಿಗೆ ಅಷ್ಟು ಚೆನ್ನಾಗಿ ಜೀರ್ಣವಾಗುವುದಿಲ್ಲ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ.

ನೊಬೆಲ್ ವಿಜ್ಞಾನಿ ಹಸು ಎಣಿಸಿದ್ದು

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಮೀಥೇನ್ ಅಷ್ಟು ಮುಖ್ಯ ಎಂದಾದ ಮೇಲೆ ಅದು ಎಲ್ಲೆಲ್ಲಿಂದ ಬರುತ್ತದೆ ಎಂಬ ಲೆಕ್ಕ ಬೇಕಿತ್ತು. 1986ರಲ್ಲಿ ಕ್ರುಟ್ಜೆನ್ ಇಬ್ಬರು ಸಹೋದ್ಯೋಗಿಗಳ ಜೊತೆ ಕೂತು ಜಗತ್ತಿನ ದನ, ಎಮ್ಮೆ, ಕುರಿ, ಒಂಟೆ, ಕತ್ತೆ, ಹಂದಿ, ಕುದುರೆ, ಮನುಷ್ಯ, ಕಾಡುಪ್ರಾಣಿ ಎಲ್ಲವನ್ನೂ ಎಣಿಸಿ, ಯಾವುದು ಎಷ್ಟು ತಿಂದು ಎಷ್ಟು ಮೀಥೇನ್ ಬಿಡುತ್ತದೆ ಎಂದು ಗುಣಿಸಿದರು. ಸಾಕುಪ್ರಾಣಿಗಳದ್ದು ವರ್ಷಕ್ಕೆ 7 ಕೋಟಿ 40 ಲಕ್ಷ ಟನ್ ಎಂದು ಬಂತು. ಅದರಲ್ಲಿ ಶೇ. 74ರಷ್ಟು ದನಗಳದ್ದು. ಎಮ್ಮೆ ಮತ್ತು ಕುರಿ ತಲಾ ಶೇ. 8-9. ಮನುಷ್ಯರೆಲ್ಲ ಸೇರಿದರೂ 10 ಲಕ್ಷ ಟನ್ ದಾಟಲಿಲ್ಲ. ಸಾಕು ಮತ್ತು ಕಾಡು ಪ್ರಾಣಿಗಳನ್ನು ಕೂಡಿಸಿದರೆ ಗಾಳಿಗೆ ಸೇರುವ ಒಟ್ಟು ಮೀಥೇನಿನಲ್ಲಿ ಶೇ. 15ರಿಂದ 25 ಪಾಲು. ಉಳಿದದ್ದು ಜೌಗು ನೆಲ, ಭತ್ತದ ಗದ್ದೆ, ಕಲ್ಲಿದ್ದಲು ಗಣಿ, ಪೆಟ್ರೋಲಿಯಂ ಬಾವಿ, ಕಸದ ರಾಶಿ ಮುಂತಾದವುಗಳದ್ದು. 1995ರಲ್ಲಿ ಮೆಲುಕು ಹಾಕುವ ಪ್ರಾಣಿಗಳ ಶರೀರಕ್ರಿಯೆ ಕುರಿತ ವಿಚಾರ ಸಂಕಿರಣದ ಸಂಪುಟದಲ್ಲೂ ಅವರ ಲೇಖನವಿದೆ. ಗಾಳಿಯ ವಿಜ್ಞಾನಿ ನಮ್ಮ ಪಶುವೈದ್ಯರ ಸಾಲಿಗೆ ಬಂದು ಕೂತದ್ದು ನನಗಂತೂ ಸಂತೋಷ.

ಈ ಮೀಥೇನ್ ಹುಟ್ಟುವುದು ಹಸುವಿನ ಹೊಟ್ಟೆಯ ದೊಡ್ಡ ಚೀಲದಲ್ಲಿ. ನಾರನ್ನು ಸೂಕ್ಷ್ಮಜೀವಿಗಳು ಕೊಳೆಸುವಾಗ ಜಲಜನಕ ಹುಟ್ಟುತ್ತದೆ. ಅದು ಅಲ್ಲೇ ಉಳಿದರೆ ಜೀರ್ಣಕ್ರಿಯೆ ನಿಂತುಬಿಡುತ್ತದೆ. ಅದನ್ನು ಮೀಥೇನ್ ಮಾಡಿ ಹೊರಹಾಕುವ ಇನ್ನೊಂದು ಜಾತಿಯ ಜೀವಿಗಳು ಅಲ್ಲಿವೆ. ಹೊರಬರುವುದು ಬಹುಪಾಲು ಬಾಯಿಂದ, ತೇಗಿನಲ್ಲಿ. ತೇಗು ನಿಂತರೆ ಏನಾಗುತ್ತದೆ ಎಂದು ಹೊಟ್ಟೆ ಉಬ್ಬರ ಕಂಡವರಿಗೆ ಹೇಳಬೇಕಿಲ್ಲ. ಹಾಗಾಗಿ ಮೀಥೇನ್ ಪೂರ್ತಿ ನಿಲ್ಲಿಸುವ ಮಾತು ಬೇಡ. ಅದು ಎಷ್ಟು ಹಾಲಿಗೆ ಎಷ್ಟು ಎಂಬುದೇ ವಿಷಯ.

ದೊಡ್ಡ ಹಸುವೊಂದು ದಿನಕ್ಕೆ 250ರಿಂದ 500 ಲೀಟರ್ ಮೀಥೇನ್ ಬಿಡಬಲ್ಲದು. ಕಡಿಮೆಯ 250 ಲೀಟರನ್ನೇ ಹಿಡಿಯಿರಿ. ಅದರಲ್ಲಿರುವ ಶಕ್ತಿ ಸುಮಾರು ಅರ್ಧ ಕೆಜಿ ಪಶು ಆಹಾರದಲ್ಲಿರುವ ಶಕ್ತಿಗೆ ಸಮ. ಇನ್ನೊಂದು ರೀತಿ ಹೇಳಿದರೆ, ಒಂದು ಹಸು 70 ದಿನ ತೇಗಿದ ಗ್ಯಾಸಿನಲ್ಲಿ ಒಂದು ಅಡುಗೆ ಸಿಲಿಂಡರಿನಷ್ಟು ಶಕ್ತಿ ಇದೆ. ದುಡ್ಡು ಕೊಟ್ಟು ತಂದ ಹಿಂಡಿ, ಬೂಸ, ಬೆವರು ಸುರಿಸಿ ಬೆಳೆದ ಹುಲ್ಲು, ಅದರ ಒಂದು ಪಾಲು ಗಾಳಿಗೆ.

ಈಗ ಒಂದು ಉದಾಹರಣೆ ಲೆಕ್ಕ. ಒಂದು ಹಸು ದಿನಕ್ಕೆ 10 ಲೀಟರ್ ಹಾಲು ಕೊಟ್ಟು 250 ಲೀಟರ್ ಮೀಥೇನ್ ಬಿಟ್ಟರೆ, ಒಂದು ಲೀಟರ್ ಹಾಲಿಗೆ 25 ಲೀಟರ್. ಇನ್ನೊಂದು 5 ಲೀಟರ್ ಹಾಲು ಕೊಟ್ಟು 200 ಲೀಟರ್ ಬಿಟ್ಟರೆ, ಒಂದು ಲೀಟರಿಗೆ 40. ಗಬ್ಬ ನಿಲ್ಲದೆ ವರ್ಷವಿಡೀ ಬರಿದೇ ನಿಂತ ಹಸುವಿನದ್ದು? ಅದರ ಮೀಥೇನ್ ಪೂರ್ತಿ ನಷ್ಟದ ಬಾಬ್ತು. ಆದ್ದರಿಂದ ಮೀಥೇನ್ ಕಡಿಮೆ ಮಾಡುವ ಒಳ್ಳೆಯ ಉಪಾಯ ಯಾವುದು ಎಂದು ನನ್ನನ್ನು ಕೇಳಿದರೆ, ಹೊಸ ಪುಡಿಯ ಹೆಸರು ಹೇಳುವುದಿಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ ಎನ್ನುತ್ತೇನೆ. ಎರಡು ಸಲ ನಿಲ್ಲದಿದ್ದರೆ ಮೂರನೆಯದಕ್ಕೆ ಕಾಯದೆ ತೋರಿಸಿ. ಕಡಸು ಬೇಗ ಬೆಳೆದು ಬೇಗ ಕರು ಹಾಕಿದರೆ ಹಾಲಿಲ್ಲದೆ ತಿನ್ನುವ ತಿಂಗಳುಗಳು ಅಷ್ಟು ಕಡಿಮೆ.

ಮೇವಿನಲ್ಲಿ, ಬರೀ ಭತ್ತದ ಹುಲ್ಲು ತಿಂದ ರಾಸು ತಿಂದದ್ದಕ್ಕೆ ಹೋಲಿಸಿದರೆ ಹೆಚ್ಚು ಮೀಥೇನ್, ಕಡಿಮೆ ಹಾಲು. ಎಳೆಯ ಹಸಿಮೇವು, ಹಾಲುಗಾಳಿನ ಹಂತದಲ್ಲಿ ಕೊಯ್ದ ಮುಸುಕಿನ ಜೋಳದ ರಸಮೇವು, ಒಂದಿಷ್ಟು ದ್ವಿದಳ ಸೇರಿದರೆ ಲೆಕ್ಕ ಬದಲಾಗುತ್ತದೆ. ಮೇವು ಕತ್ತರಿಸಿ ಹಾಕಿ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಮರೆಯಬೇಡಿ. ಕಾಳು ಜಾಸ್ತಿ ಕೊಟ್ಟರೆ ಮೀಥೇನ್ ಇಳಿಯುವುದು ನಿಜ, ಹಾಗೆಂದು ಜೋಳದ ಹಿಟ್ಟನ್ನು ಸುರಿದರೆ ಹೊಟ್ಟೆ ಹುಳಿಯಾಗಿ, ಫ್ಯಾಟ್ ಬಿದ್ದು, ಗೊರಸು ನೋವು ಬಂದು ನನ್ನನ್ನೇ ಕರೆಯಬೇಕಾಗುತ್ತದೆ.

ಪುಡಿಗಳ ಬಗ್ಗೆಯೂ ಎರಡು ಮಾತು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಟ್ಯಾನಿನ್ ಇರುವ ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಪೂರಕ ತಯಾರಿಸಿದ್ದಾರೆ. ಮೀಥೇನ್ ಶೇ. 17-20ರಷ್ಟು ಇಳಿಯುತ್ತದೆ ಎಂಬುದು ಅವರ ಹೇಳಿಕೆ. ಹೊರದೇಶಗಳಲ್ಲಿ ಕೆಂಪು ಕಡಲಕಳೆಯೊಂದರ ಸುದ್ದಿ ಜೋರಾಗಿದೆ. ಅದು ಮೀಥೇನನ್ನು ಚೆನ್ನಾಗಿಯೇ ಇಳಿಸುತ್ತದೆ. ಆದರೆ ಅದರಲ್ಲಿ ಕೆಲಸ ಮಾಡುವ ಬ್ರೋಮೋಫಾರ್ಮ್ ಗಾಳಿಗೆ ಸೇರಿದರೆ, ಅದರ ಬ್ರೋಮಿನ್ ಮೇಲಿನ ಓಜೋನನ್ನು ಒಡೆಯಬಲ್ಲದು. ಒಂದು ಓಜೋನ್ ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸಬಾರದೆಂದು ಅದರ ಲೆಕ್ಕವನ್ನೂ ವಿಜ್ಞಾನಿಗಳು ಹಾಕುತ್ತಿದ್ದಾರೆ. ಬಾಗಿಲಿಗೆ ಬಂದು ಮಾರುವವರ ಹತ್ತಿರ ಹೆಸರಿಲ್ಲದ ಪ್ಯಾಕೆಟ್ ಕೊಳ್ಳಬೇಡಿ.

ಬೆಂಕಿ ಇಡುವ ಮುಂಚೆ

ಕ್ರುಟ್ಜೆನ್ ಕಾಡಿನ ಬೆಂಕಿಯ ಹೊಗೆಯನ್ನು ಡಬ್ಬಿಗಳಲ್ಲಿ ಹಿಡಿದು ಪರೀಕ್ಷಿಸಿದವರು. ಕೃಷಿ ತ್ಯಾಜ್ಯ, ಹುಲ್ಲು, ಕಾಡು ಸುಟ್ಟಾಗ ಓಜೋನಿಗೆ ಬೇಕಾದ ಎಲ್ಲ ಸಾಮಗ್ರಿಯೂ ಒಟ್ಟಿಗೇ ಗಾಳಿಗೆ ಹೋಗುತ್ತದೆ ಎಂದು 1979ರಲ್ಲಿ ಬರೆದರು. ಬ್ರೆಜಿಲ್ ದೇಶದಲ್ಲಿ ಕಾಡು, ಹುಲ್ಲು ಸುಡುವ ಕಾಲದಲ್ಲಿ ಓಜೋನ್ ಏರುವುದನ್ನೂ ಅಳೆದರು. 1999ರಲ್ಲಿ ಹಿಂದೂ ಮಹಾಸಾಗರದ ಮೇಲಿನ ಕಂದು ಮಬ್ಬನ್ನು ಅಳೆಯುವ ದೊಡ್ಡ ಪ್ರಯೋಗವನ್ನು ಅವರು ವೀರಭದ್ರನ್ ರಾಮನಾಥನ್ ಅವರ ಜೊತೆ ಮುನ್ನಡೆಸಿದರು. ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು, ಅದಕ್ಕೂ ಮೊದಲು ಸಿಕಂದರಾಬಾದಿನ ಫ್ರಿಜ್ ಕಾರ್ಖಾನೆಯಲ್ಲಿ ಸಿಎಫ್‌ಸಿ ಗ್ಯಾಸ್ ಸೋರಿಕೆ ತಡೆಯುವ ಕೆಲಸ ಮಾಡಿದವರು. ಆ ಮಬ್ಬಿನಲ್ಲಿ ನಮ್ಮ ಉಪಖಂಡದ ವಾಹನ, ಕಾರ್ಖಾನೆಯ ಹೊಗೆಯೂ ಇತ್ತು, ಸೌದೆ, ಬೆರಣಿಯ ಒಲೆಯ ಹೊಗೆಯೂ ಇತ್ತು.

ಕಬ್ಬಿನ ತರಗಿಗೆ ಬೆಂಕಿ ಇಡುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ತರಗನ್ನು ಸಾಲಿನಲ್ಲೇ ಹೊದಿಸಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆ. ಮುಸುಕಿನ ಜೋಳದ ದಂಟು ಸುಡುವವರು ಅದನ್ನು ಕತ್ತರಿಸಿ ಮೇವಿಗೆ ಬೆರೆಸಿ. ಸಗಣಿಯನ್ನು ನೀರು ನಿಲ್ಲುವ ಗುಂಡಿಯಲ್ಲಿ ಕೊಳೆಯಲು ಬಿಟ್ಟರೆ ಅದೂ ಮೀಥೇನ್ ಬಿಡುತ್ತದೆ, ಗೋಬರ್ ಗ್ಯಾಸಿಗೆ ಹಾಕಿದರೆ ಅದೇ ಮೀಥೇನ್ ನಿಮ್ಮ ಒಲೆಯಲ್ಲಿ ಉರಿಯುತ್ತದೆ. ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ.

ಎಷ್ಟು ಮೇವು, ಎಷ್ಟು ಹಿಂಡಿ ಎಂದು ಗೊತ್ತಾಗಬೇಕಾದರೆ ರಾಸಿನ ತೂಕ ಗೊತ್ತಿರಬೇಕು. ಟೇಪ್ ಇದ್ದರೆ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು ಅದರಿಂದಲೇ ಅದನ್ನು ಗುಣಿಸಿ, ಭುಜದ ಮೂಳೆಯಿಂದ ಬಾಲದ ಬದಿಯ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ 660ರಿಂದ ಭಾಗಿಸಿದರೆ ಕೆಜಿ ಬರುತ್ತದೆ. ಸುತ್ತಳತೆ 64, ಉದ್ದ 56 ಇಂಚು ಇದ್ದರೆ ಸುಮಾರು 347 ಕೆಜಿ. ಈ ತೂಕ, ದಿನದ ಹಾಲು, ಫ್ಯಾಟ್, ಕರು ಹಾಕಿದ ದಿನಾಂಕ, ಮನೆಯಲ್ಲಿ ಸಿಗುವ ಮೇವುಗಳ ಹೆಸರು, ಇಷ್ಟನ್ನು ಚೀಟಿಯಲ್ಲಿ ಬರೆದು ಸಂಘದ ಕಾರ್ಯದರ್ಶಿಯವರ ಹತ್ತಿರ ಕೊಟ್ಟಿಡಿ. ಮಾರ್ಗಕ್ಕೆ ಬಂದಾಗ ಒಂದೊಂದು ರಾಸಿಗೂ ಮೇವಿನ ಪ್ರಮಾಣ ಬರೆದುಕೊಡುತ್ತೇವೆ.